ಕಲ್ಯಾಣದ ಕಡಲು

ಹುಮನಾಬಾದಿನ ಹತ್ತಿರದ ಜಲಸಂಗಿಯಲ್ಲಿ ಕಲ್ಲಿನ ಹೆಣ್ಣೊಬ್ಬಳು ಬರೆಯುತ್ತ ನಿಂತಿದ್ದಾಳೆ. ಗುಡಿಯ ಹೊರಗೋಡೆಯ ಸಾಲುಸಾಲು ಮದನಿಕೆಯರ ನಡುವೆ ಇವಳೊಬ್ಬಳದೇ ಬೇರೆ ಧ್ಯಾನ. ಮೈ ಬಳುಕಿದೆ, ಬೆರಳು ಮಾತ್ರ ಫಲಕದ ಮೇಲೆ ನೆಟ್ಟಿದೆ. ಅವಳು ಬರೆದ ಸಂಸ್ಕೃತದ ಅಕ್ಷರಗಳು ಇಂದಿಗೂ ಅಲ್ಲಿವೆ: ಏಳು ದ್ವೀಪಗಳನ್ನು ಒಡಲಲ್ಲಿಟ್ಟುಕೊಂಡ ಭೂಮಿ ಚಾಳುಕ್ಯ ವಿಕ್ರಮಾದಿತ್ಯನದಾಗುತ್ತದೆ ಎಂಬುದು ಅದರ ಸಾರ.

ದ್ವೀಪ! ಸುತ್ತ ಕಣ್ಣು ಹಾಯಿಸಿದರೆ ತೊಗರಿ, ಕಬ್ಬು, ಕೆಂಪು ಜಂಬಿಟ್ಟಿಗೆ ನೆಲ. ಸಮುದ್ರ ಮಟ್ಟಕ್ಕಿಂತ 600 ಮೀಟರಿಗೂ ಮೇಲಿನ ಬಯಲು. ಇಲ್ಲಿ ನಿಂತು ದ್ವೀಪಗಳ ಮಾತು ಕಲ್ಲಿನಲ್ಲಿ ಮೂಡಿಸಿದವನ ಎದೆಗಾರಿಕೆಗೆ ನಾನು ಬೆರಗಾಗಿ ನಿಂತುಬಿಟ್ಟೆ.

ಅದು ಬರಿಯ ಹೊಗಳಿಕೆಯೂ ಅಲ್ಲ. 1076ರಿಂದ 1126ರವರೆಗೆ ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಆರನೆಯ ವಿಕ್ರಮಾದಿತ್ಯ ತನ್ನ ಮಗಳು ಮೈಲಲದೇವಿಯನ್ನು ಗೋವೆಯ ಕದಂಬ ದೊರೆ ಎರಡನೆಯ ಜಯಕೇಶಿಗೆ ಕೊಟ್ಟ. ಜುವಾರಿ ನದಿಯ ದಂಡೆಯ ಗೋಪಕಪಟ್ಟಣ ಆ ಕದಂಬರ ಬಂದರು. ಕಡಲಾಚೆಯ ವ್ಯಾಪಾರಿಗಳ ಹಾಯಿಹಡಗುಗಳು ಲಂಗರು ಹಾಕುತ್ತಿದ್ದ ನೀರು. ಈ ಒಣ ಬಯಲಲ್ಲಿ ಬೆಳೆದ ಹುಡುಗಿ ಉಬ್ಬರ–ಇಳಿತಗಳ ನಾಡಿಗೆ ಸೊಸೆಯಾಗಿ ಹೋದಳು. ಅವಳ ಅಣ್ಣನೋ ತಮ್ಮನೋ ಆದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮೀನು ಹಿಡಿಯುವ ವಿನೋದಕ್ಕೇ ಒಂದು ಅಧ್ಯಾಯವಿದೆ: ಹೊಳೆಯ ಮೀನು ಯಾವುದು, ಕಡಲಿನದು ಯಾವುದು, ಗಾಳದ ದಾರ ಹೇಗಿರಬೇಕು, ಯಾವ ಮೀನಿಗೆ ಯಾವ ಎರೆ. ಕಡಲೇ ಇಲ್ಲದ ರಾಜಧಾನಿಯ ಅರಸನಿಗೆ ಎಂಥ ಕುತೂಹಲ!

ಈಗಿನ ನೀರಬಾಳು ನೋಡಲು ಕಾರಂಜಾ ಹಿನ್ನೀರಿಗೆ ಹೋದೆ. ಅಣೆಕಟ್ಟು ಇರುವುದು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ. ಬೆಳಕು ಹರಿಯುವ ಮೊದಲೇ ತೆಪ್ಪಗಳು ನೀರಿನ ನಡುವೆ ಇದ್ದವು. ಸಂಜೆ ಬಿಟ್ಟ ಬಲೆಯನ್ನು ಒಬ್ಬ ಮೊಳಮೊಳವಾಗಿ ಎಳೆಯುತ್ತಾನೆ, ಇನ್ನೊಬ್ಬ ಹುಟ್ಟು ಹಾಕಿ ತೆಪ್ಪವನ್ನು ನಿಲ್ಲಿಸುತ್ತಾನೆ. ಕಾಟ್ಲಾ, ರೋಹು ಬೆಳ್ಳಗೆ ಹೊರಳುತ್ತವೆ. ಕಾಲಬುಡದಲ್ಲಿ ನೀರು ಎತ್ತಿಹಾಕಲು ಒಂದು ಡಬ್ಬಿ, ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಸಂಸಾರದ ಸಾಮಾನೆಲ್ಲ ಅಷ್ಟೆ. “ಗಾಳಿ ಎದ್ರ ಬಲಿ ಸುತ್ಕೋತದರಿ,” ಎಂದ ಹಿರಿಯ, ಮಾತಾಡುವಾಗಲೂ ಪಡುವಣದ ಮೋಡದಿಂದ ಕಣ್ಣು ತೆಗೆಯದೆ. ಬಿಸಿಲು ಏರುವ ಹೊತ್ತಿಗೆ ದಂಡೆಯಲ್ಲಿ ತಕ್ಕಡಿ, ಚೌಕಾಸಿ. ಮಧ್ಯಾಹ್ನವೆಲ್ಲ ಬೇವಿನ ನೆರಳಲ್ಲಿ ಹರಿದ ಬಲೆಗೆ ಹೆಣಿಗೆ. ಇಲ್ಲಿಂದ ಬಿಟ್ಟ ನೀರು ಮಾಂಜ್ರಾ ಸೇರಿ, ಗೋದಾವರಿಯಾಗಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಕಲ್ಯಾಣದ ಸೀಮೆಗೆ ಕಡಲಿನ ದಾರಿ ಎಂದೂ ಮುಚ್ಚಿರಲಿಲ್ಲ ಎಂದು ನನಗೆ ಖಾತರಿಯಾದದ್ದು ಆ ದಂಡೆಯಲ್ಲಿ.

ಬಸವಕಲ್ಯಾಣದ ತ್ರಿಪುರಾಂತ ಕೆರೆಯ ಬಳಿ ಶರಣರ ಗವಿಗಳಿವೆ. ಅಲ್ಲಿ ನೆನಪಾಗದೆ ಇರದವನು ಅಂಬಿಗರ ಚೌಡಯ್ಯ. ತುಂಗಭದ್ರೆಯ ದಂಡೆಯ ಚೌಡದಾನಪುರದಲ್ಲಿ ಅವನ ಸಮಾಧಿ. ಹನ್ನೆರಡನೆಯ ಶತಮಾನದಲ್ಲಿ ದೊಡ್ಡ ಹೊಳೆಯೇ ಇಲ್ಲದ ಈ ಊರಿಗೆ ಬಂದ ದೋಣಿಕಾರ ಅವನು. ದೇವರ ಹೆಸರನ್ನಲ್ಲ, ತನ್ನ ಹೆಸರನ್ನೇ ವಚನಗಳಿಗೆ ಅಂಕಿತ ಮಾಡಿಕೊಂಡ. ಹುಟ್ಟು ಹಿಡಿದ ಕೈಗೆ ಅಷ್ಟು ಗೌರವ ಕೊಟ್ಟ ಊರು ಇನ್ನೊಂದನ್ನು ನಾನು ಕಾಣೆ.

ಅನುಭವ ಮಂಟಪ ನೋಡಲು ಬಸವಕಲ್ಯಾಣಕ್ಕೆ ಹೋಗುವವರು ಜಲಸಂಗಿಗೂ ಅರ್ಧ ದಿನ ಇಟ್ಟುಕೊಳ್ಳಿ. ಓರೆ ಬಿಸಿಲಿನಲ್ಲಿ ಅಕ್ಷರಗಳು ಚೆನ್ನಾಗಿ ಕಾಣುತ್ತವೆ. ದಯವಿಟ್ಟು ಅವುಗಳ ಮೇಲೆ ಬೆರಳು ಉಜ್ಜಬೇಡಿ, ಎಣ್ಣೆ–ಕುಂಕುಮ ಹಚ್ಚಬೇಡಿ. ಒಂಬೈನೂರು ವರ್ಷಗಳ ಬರಹ ಅದು.