ಎರಡನೇ ಪಂಕ್ತಿಯ ಆಟಗಾರ

ಅಮೆರಿಕದವರ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಹಾಗಿದ್ದ ಮೇಲೆ ಆ ಹೆಸರು ಯಾಕೆ ಅಂತ ಕೇಳಿದರೆ ಜಗಳವಾಗುತ್ತದೆ, ಬಿಡಿ. ಆ ಆಟದಲ್ಲಿ ನನಗೆ ಇಷ್ಟವಾದವನು ಫ್ರಾಂಕ್ ರೈಕ್. ಮೈದಾನದೊಳಗೆ ಇದ್ದದ್ದಕ್ಕಿಂತ ಅಂಚಿನಲ್ಲೇ ಹೆಚ್ಚು ನಿಂತವನು. ಬಫಲೋ ಬಿಲ್ಸ್ ತಂಡದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಪಟ್ಟ ಜಿಮ್ ಕೆಲ್ಲಿಯದು, ರೈಕ್ ಬದಲಿ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾದವರಿಗೆ ಆ ಪಾಡು ಗೊತ್ತು. ಎಲೆ ಸಿಗುತ್ತದೋ ಇಲ್ಲವೋ, ಕೈ ಮಾತ್ರ ತೊಳೆದುಕೊಂಡಿರಬೇಕು.

1993ರ ಜನವರಿ 3ರಂದು ಎಲೆ ಸಿಕ್ಕಿತು. ಕೆಲ್ಲಿಯ ಮಂಡಿಗೆ ಪೆಟ್ಟಾಗಿತ್ತು. ಎದುರಿಗೆ ಹ್ಯೂಸ್ಟನ್ ಆಯ್ಲರ್ಸ್. ವಿರಾಮ ಮುಗಿದು ಇನ್ನೂ ಬೆವರಿಲ್ಲ, ರೈಕ್ ಎಸೆದ ಚೆಂಡು ಎದುರಾಳಿಯ ಕೈಸೇರಿತು. ಅವನು ಅದನ್ನು ಬಗಲಲ್ಲಿಟ್ಟುಕೊಂಡು 58 ಗಜ ಓಡಿಬಿಟ್ಟ. ಹ್ಯೂಸ್ಟನ್ 35, ಬಿಲ್ಸ್ 3. ಜನ ಎದ್ದು ಕಾರಿನ ಕಡೆ ನಡೆದರು. ಆಮೇಲೆ ರೈಕ್ ನಾಲ್ಕು ಟಚ್‌ಡೌನ್ (ಕೊನೆಗೆರೆ ದಾಟಿ ಅಂಕ ತರುವ ಚೆಂಡು) ಎಸೆದ, ಅದರಲ್ಲಿ ಮೂರು ಸಹ ಆಟಗಾರ ಆಂಡ್ರೆ ರೀಡ್‌ಗೆ. ಹೊರಗೆ ಹೋದವರು ಬೇಲಿ ಹತ್ತಿ ವಾಪಸ್ ಬಂದರು! ಹೆಚ್ಚುವರಿ ಸಮಯದಲ್ಲಿ ಬಿಲ್ಸ್ 41–38ರಿಂದ ಗೆದ್ದಿತು. ಟಿಕೆಟ್ ಪೂರ್ತಿ ಖರ್ಚಾಗಲಿಲ್ಲವೆಂದು ಬಫಲೋ ಸುತ್ತಮುತ್ತ ಟೀವಿಯಲ್ಲಿ ಆ ಆಟ ತೋರಿಸಿರಲೇ ಇಲ್ಲ. ನಿಯಮ ಅಂದರೆ ನಿಯಮ.

ಕಾಲೇಜಿನಲ್ಲೂ ಇದೇ ಕಥೆ. 1984ರಲ್ಲಿ ಮೇರಿಲ್ಯಾಂಡ್ ಪರ ಬದಲಿಯಾಗಿ ಇಳಿದಾಗ ಮಯಾಮಿ 31–0 ಮುಂದಿತ್ತು. ಮುಗಿದಾಗ 42–40, ಗೆದ್ದದ್ದು ಇವನ ಕಡೆ.

ಆಟ ಬಿಟ್ಟ ಮೇಲೆ ಪಾದ್ರಿಗಳನ್ನು ತಯಾರು ಮಾಡುವ ಸಂಸ್ಥೆಯೊಂದರ ಅಧ್ಯಕ್ಷನಾಗಿ ಕೆಲಕಾಲ ಇದ್ದ. ಆಮೇಲೆ ಕೋಚ್. 2017ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ನ ದಾಳಿ ವಿಭಾಗ ಇವನ ಕೈಯಲ್ಲಿದ್ದಾಗ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಮಂಡಿಗೆ ಪೆಟ್ಟು ಮಾಡಿಕೊಂಡ. ಒಳಗೆ ಬಂದವನು ಬದಲಿ ನಿಕ್ ಫೋಲ್ಸ್. ಮುಖ್ಯ ಕೋಚ್ ಡಗ್ ಪೀಡರ್ಸನ್ ಕೂಡ ಒಂದು ಕಾಲಕ್ಕೆ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ರ್‌ಗೆ ಬದಲಿಯಾಗಿದ್ದವನೇ. ಮೂವರೂ ಬೆಂಚಿನವರು! ಋತುವಿನ ಅಂತಿಮ ಆಟವಾದ ಸೂಪರ್ ಬೌಲ್‌ನಲ್ಲಿ ಪೇಟ್ರಿಯಟ್ಸ್ ತಂಡವನ್ನು 41–33ರಿಂದ ಮಣಿಸಿದರು. ಎಸೆಯಬೇಕಾದ ಫೋಲ್ಸ್ ಸದ್ದಿಲ್ಲದೆ ಪಕ್ಕಕ್ಕೆ ಜಾರಿ, ತಾನೇ ಚೆಂಡು ಹಿಡಿದು ಟಚ್‌ಡೌನ್ ಮಾಡಿದ್ದೂ ಅಲ್ಲಿಯೇ.

ಅದಾದ ವಾರದಲ್ಲೇ ಇಂಡಿಯಾನಪೊಲಿಸ್ ಕೋಲ್ಟ್ಸ್ ರೈಕ್‌ನನ್ನು ಮುಖ್ಯ ಕೋಚ್ ಆಗಿ ಕರೆಯಿತು. ಕರೆದದ್ದು ಯಾಕೆ? ಆ ಹುದ್ದೆ ಒಪ್ಪಿಕೊಂಡಿದ್ದ ಜಾಶ್ ಮೆಕ್‌ಡೇನಿಯಲ್ಸ್ ಕೊನೆಗಳಿಗೆಯಲ್ಲಿ ಕೈಕೊಟ್ಟಿದ್ದ! ಮೊದಲ ಆರು ಆಟಗಳಲ್ಲಿ ಐದು ಸೋತ ತಂಡ 10 ಗೆಲುವು, 6 ಸೋಲಿಗೆ ಬಂದು ನಿಂತಿತು. 2022ರಲ್ಲಿ ಅಲ್ಲಿಂದ ಕಳಿಸಿದರು. ಮರುವರ್ಷ ಕೆರೊಲಿನಾ ಪ್ಯಾಂಥರ್ಸ್; 1995ರಲ್ಲಿ ಆ ತಂಡದ ಮೊತ್ತಮೊದಲ ಆಟದಲ್ಲಿ ಇವನೇ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಹಳೇ ಋಣವೆಲ್ಲ 11 ಆಟಕ್ಕೆ ತೀರಿತು, ಗೆದ್ದದ್ದು ಒಂದೇ.

2025ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕರೆಯಿತು. ಹುದ್ದೆ: ಹಂಗಾಮಿ ಕೋಚ್.