ಎಡಿನ್‌ಬರೋದಲ್ಲಿ ಬಲಿಪಾಡ್ಯ

ಪರದೇಶಕ್ಕೆ ಓದಲು ಹೋದವರನ್ನು ಊರು ನೋಡುವ ಚಪಲವೂ ಹಬ್ಬದ ನೆನಪೂ ಒಟ್ಟಿಗೇ ಕಾಡುತ್ತವೆ. ಮೊದಲನೆಯದಕ್ಕೆ ಕಾಲಿನಲ್ಲಿ ಬಲ ಬೇಕು. ಎರಡನೆಯದಕ್ಕೆ ಅಡಿಗೆಮನೆಯಲ್ಲಿ ಧೈರ್ಯ ಬೇಕು. 2021ರಲ್ಲಿ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ಓದುತ್ತಿದ್ದ ನಮ್ಮಲ್ಲಿ ಇವೆರಡಕ್ಕೂ ಕೊರತೆಯಿರಲಿಲ್ಲ. ನಾವೆಂದರೆ ಮೂವರು. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲಿ. ಆದರೆ ಒಬ್ಬನ ಮನೆಯ ಮೂಲ ಧಾರವಾಡ, ಒಬ್ಬನದು ಉಡುಪಿ, ಮತ್ತೊಬ್ಬನದು ಮೈಸೂರು.

ದೀಪಾವಳಿಗೆ ಮುಂಚಿನ ಶನಿವಾರ ಅಲ್ಲಿಯ ಕೋಟೆ ನೋಡಲು ಹೋದೆವು. ಆರಿಹೋದ ಜ್ವಾಲಾಮುಖಿಯ ಕಪ್ಪು ಬಂಡೆಯ ಮೇಲೆ ಊರ ನಡುವೆಯೇ ಕುಳಿತ ಕೋಟೆ. 1861ರಿಂದ ಅಲ್ಲಿ ಭಾನುವಾರಗಳಂದು ಬಿಟ್ಟು ಮಧ್ಯಾಹ್ನ ಒಂದು ಗಂಟೆಗೆ ತೋಪು ಹಾರಿಸುವ ಪದ್ಧತಿಯಿದೆ; ಹಡಗಿನವರು ಗಡಿಯಾರ ಸರಿಮಾಡಿಕೊಳ್ಳಲಿ ಎಂದು ಹುಟ್ಟಿದ್ದು. ಹನ್ನೆರಡಕ್ಕೇಕಿಲ್ಲ ಎಂದರೆ, ಹನ್ನೆರಡು ಗುಂಡು ಖರ್ಚಾಗುವುದಿಲ್ಲವೇ ಎಂದು ತಮ್ಮ ಜಿಪುಣತನವನ್ನು ಆ ಊರಿನವರೇ ಹಾಸ್ಯಮಾಡಿಕೊಳ್ಳುತ್ತಾರೆ.

ಕೋಟೆಯೊಳಗಿನ ಅರಮನೆಯಲ್ಲಿ ಒಂದು ಪುಟ್ಟ ಕೋಣೆಯಿದೆ. 1566ರಲ್ಲಿ ಮೇರಿ ರಾಣಿ ಜೇಮ್ಸನನ್ನು ಹೆತ್ತದ್ದು ಅಲ್ಲಿ. ಎಳೆಗೂಸಾಗಿದ್ದಾಗಲೇ ಸ್ಕಾಟ್ಲೆಂಡಿಗೆ ದೊರೆಯಾದ ಈತನಿಗೆ 1603ರಲ್ಲಿ ಇಂಗ್ಲೆಂಡಿನ ಪಟ್ಟವೂ ಒದಗಿತು. ಲಂಡನ್ನಿಗೆ ಹೊರಡುವಾಗ, ಮೂರು ವರ್ಷಕ್ಕೊಮ್ಮೆ ಬಂದು ಹೋಗುತ್ತೇನೆಂದು ಪ್ರಜೆಗಳಿಗೆ ಮಾತು ಕೊಟ್ಟ. ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದ್ದ. ಬಂದದ್ದು ಒಂದೇ ಸಲ, 1617ರಲ್ಲಿ. ದೊಡ್ಡವರ ಮಾತೇ ಹೀಗೆ ಎಂದು ನಕ್ಕು ಕೋಟೆಯಿಂದಿಳಿದೆವು.

ನವೆಂಬರ್ 3ರ ಸಂಜೆ ನೀರು ತುಂಬುವ ಹಬ್ಬ. ಹಂಡೆಯಿಲ್ಲದ ಮನೆಯಲ್ಲಿ ಅನ್ನದ ಪಾತ್ರೆಗೇ ಅರಿಸಿನ ಕುಂಕುಮ ಹಚ್ಚಿ ನೀರು ತುಂಬಿದೆವು. ಮರುದಿನ ನರಕ ಚತುರ್ದಶಿಯ ಅಭ್ಯಂಜನ. ಮನೆಯಲ್ಲಾಗಿದ್ದರೆ ನಾಲ್ಕೂವರೆಗೆ ಹೊದಿಕೆ ಎಳೆಯುತ್ತಿದ್ದರು. ಅಲ್ಲಿ ನವೆಂಬರಿನ ಸೂರ್ಯ ಏಳುವುದೇ ಏಳು ಗಂಟೆ ದಾಟಿದ ಮೇಲೆ; ಆರರವರೆಗೆ ಮಲಗಿದ್ದರೂ ಶಾಸ್ತ್ರ ತಪ್ಪಲಿಲ್ಲ! ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿಯಾಗಿತ್ತು. ಬಾಡಿಗೆ ಮನೆಯೊಳಗೆ ದೀಪ ಹಚ್ಚಕೂಡದೆಂಬ ಕಟ್ಟಳೆಯಿದ್ದುದರಿಂದ ಹಣತೆಗಳನ್ನು ಹಿತ್ತಿಲ ಚಪ್ಪಡಿಯ ಮೇಲೆ ಸಾಲಾಗಿ ಇಟ್ಟೆವು.

5ನೆಯ ತಾರೀಖು ಬಲಿಪಾಡ್ಯ. ಧಾರವಾಡದವನಿಗೆ ಸೆಗಣಿಯ ಪಾಂಡವರು ಬೇಕು. ಎಡಿನ್‌ಬರೋದಲ್ಲಿ ಸೆಗಣಿ ಎಲ್ಲಿ ತರುವುದು? ಗೋಧಿ ಹಿಟ್ಟಿನಲ್ಲೇ ಐವರನ್ನು ಮಾಡಿ, ಫೋನಿನಲ್ಲಿ ಅವನ ಅಜ್ಜಿಗೆ ತೋರಿಸಿದೆವು. ಅವರು ಬಹಳ ಹೊತ್ತು ನಕ್ಕು, ಆಮೇಲೆ ಮೆಲ್ಲಗೆ ಕೇಳಿದರು: “ಮುಂದಿನ ಪಾಡ್ಯಕ್ಕರ ಬರ್ತೀಯೇನೋ?” ಬರುತ್ತೇನೆಂದು ಅವನು ಮಾತು ಕೊಟ್ಟ. ಕೊಟ್ಟ ಮೇಲೆ ನಮ್ಮ ಮುಖ ನೋಡಿದ. ಪುಟ್ಟ ಕೋಣೆಯ ಜೇಮ್ಸ್ ಮೂವರಿಗೂ ನೆನಪಾಗಿದ್ದ.

ಕಾಕತಾಳೀಯವೆಂದರೆ ಅಂದೇ ಬ್ರಿಟನ್ನಿನವರ ಬೆಂಕಿಹಬ್ಬವೂ ಆಗಿತ್ತು. 1605ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಅಡಿಯಲ್ಲಿ 36 ಪೀಪಾಯಿ ಸಿಡಿಮದ್ದು ಕೂಡಿಟ್ಟು ದೊರೆಯನ್ನು ಕೊಲ್ಲಲು ಒಂದು ಗುಂಪು ಹೊಂಚಿತ್ತು. ಮದ್ದಿನ ಕಾವಲಿಗಿದ್ದ ಗೈ ಫಾಕ್ಸ್ ಸಿಕ್ಕಿಬಿದ್ದ. ದೊರೆ ಉಳಿದ ಸಂತೋಷಕ್ಕೆ ಇಂದಿಗೂ ನವೆಂಬರ್ 5ರ ರಾತ್ರಿ ಪಟಾಕಿ ಸುಡುತ್ತಾರೆ. ಕೆಲವೆಡೆ ಫಾಕ್ಸನ ಬೊಂಬೆಯನ್ನೂ ಸುಡುತ್ತಾರೆ. ಹಾಗೆ ಉಳಿದವನು ಇದೇ ಜೇಮ್ಸ್.

ಸಂಜೆ ಹಣತೆ ಹಚ್ಚುವಾಗ ಕೆಳಗಿನ ಮನೆಯ ಅಜ್ಜಿ ಬಂದು, ನಿಮ್ಮದೂ ಶತ್ರುವನ್ನು ಸುಡುವ ಹಬ್ಬವೇ ಎಂದು ವಿಚಾರಿಸಿದರು. ಅಲ್ಲವಮ್ಮಾ, ಇಂದು ಸೋತವನನ್ನು ಕರೆಯುವ ದಿನ ಎಂದೆವು. ವಾಮನನ ಮೂರನೆಯ ಹೆಜ್ಜೆಗೆ ತಲೆಯೊಡ್ಡಿ ಪಾತಾಳಕ್ಕಿಳಿದ ಬಲಿ, ವರ್ಷಕ್ಕೊಮ್ಮೆ ತನ್ನ ಪ್ರಜೆಗಳನ್ನು ನೋಡಲು ಬರುವ ಕಥೆ ಹೇಳಿದೆವು. ಅವರು ಕೇಳಿದ್ದು ಒಂದೇ: “ತಪ್ಪದೆ ಬರುತ್ತಾನೆಯೇ?”

ರಾತ್ರಿ ಕಾಲ್ಟನ್ ಗುಡ್ಡ ಹತ್ತಿದೆವು. 1826ರಲ್ಲಿ ತೊಡಗಿ, ಹಣ ಸಾಲದೆ 1829ರಲ್ಲಿ ನಿಂತುಹೋದ ಸ್ಮಾರಕದ ಹನ್ನೆರಡು ಕಂಬಗಳು ಅಲ್ಲಿವೆ. ಕೆಳಗೆ ಊರಿನ ನಾಲ್ಕೂ ದಿಕ್ಕಿಗೆ ಬಾಣಬಿರುಸು. ಉಡುಪಿಯವನು ತಮ್ಮ ಊರಿನ ರೀತಿಯಲ್ಲಿ ಬಲೀಂದ್ರನ ಹೆಸರು ಹಿಡಿದು ‘ಕೂ’ ಹಾಕಿದ, ನಾವೂ ದನಿಗೂಡಿಸಿದೆವು. ಪಟಾಕಿಯ ಸದ್ದಿನಲ್ಲಿ ಪಕ್ಕದವರಿಗೂ ಕೇಳಿಸಲಿಲ್ಲ. ಬಲಿಗೆ ಕೇಳಿಸಿದ್ದರೆ ಸಾಕು.

ಮುಂಬಯಿಗೆ ಬಂದ ನಮ್ಮ ಹಿರಿಯರೂ ಮಾತು ಕೊಟ್ಟೇ ಊರು ಬಿಟ್ಟವರು. ಮೊದಮೊದಲು ಪ್ರತಿ ಹಬ್ಬಕ್ಕೆ ಹೋದರು. ಬರಬರುತ್ತ ಮದುವೆ ಮುಂಜಿಗೆ. ಕಡೆಗೆ ಹೆಚ್ಚಾಗಿ ತಿಥಿಗೆ. ಯಾರೂ ಮರೆತವರಲ್ಲ, ಜೇಮ್ಸನೂ ಮರೆತಿರಲಾರ. ರಾಜ್ಯಭಾರ ಅವನಿಗೆ, ರಜೆಯ ಅಭಾವ ನಮಗೆ.

2022ರ ಪಾಡ್ಯ ಅಕ್ಟೋಬರ್ 26ಕ್ಕೆ ಬಂತು. ಅಷ್ಟರಲ್ಲಿ ನಮ್ಮಲ್ಲಿಬ್ಬರಿಗೆ ಅಲ್ಲೇ ಕೆಲಸವಾಗಿತ್ತು, ರಜೆ ದೊರೆಯಲಿಲ್ಲ. ಧಾರವಾಡದವನು ಮಾತ್ರ ಹೋಗಿ, ಅಜ್ಜಿಯ ಮಗ್ಗುಲಲ್ಲಿ ಕುಳಿತು, ನಿಜವಾದ ಸೆಗಣಿಯ ಪಾಂಡವರಿಗೆ ಚೆಂಡು ಹೂ ಏರಿಸಿದ. ಮರುವರ್ಷದ ಪಾಡ್ಯಕ್ಕೆ ಆ ಅಜ್ಜಿ ಇರಲಿಲ್ಲ.

ವಾಚಕರಲ್ಲಿ ಯಾರಿಗಾದರೂ ಊರಿನಲ್ಲಿ ಹೀಗೆ ಕಾಯುವವರಿದ್ದರೆ ನಮ್ಮದೊಂದು ಬಿನ್ನಹ: ಟಿಕೆಟ್ಟನ್ನು ಬೇಗನೆ ತೆಗೆಸಿರಿ. ದೀಪಾವಳಿಯ ರೈಲುಗಳು ಬಹಳ ಮೊದಲೇ ತುಂಬಿಬಿಡುತ್ತವೆ.