ಕಿಟಕಿ ಮೇಲಿನ ಬಿಸ್ಕತ್ ಡಬ್ಬಿ

ತಂಗಿಯ ಹಾಸ್ಟೆಲ್ ರೂಮಿಗೆ ಹೋಗಿದ್ದೆ. ಕಿಟಕಿ ಮೇಲೆ ಹಳೇ ಬಿಸ್ಕತ್ ಡಬ್ಬಿ. ಮುಚ್ಚಳ ತೆಗೆದರೆ ಬರೀ ಮಾತ್ರೆ. ಕತ್ತರಿಸಿದ ಸ್ಟ್ರಿಪ್ಪುಗಳು, ಎಷ್ಟೋ ತುಂಡುಗಳಲ್ಲಿ ಎಕ್ಸ್‌ಪೈರಿ ತಾರೀಖೇ ಇಲ್ಲ. "ಅಕ್ಕಾ, ಇದು ನಮ್ಮ ಫ್ಲೋರಿಗೆಲ್ಲ ಕಾಮನ್" ಅಂದಳು.

ಬೈಯೋಕೆ ಮನಸ್ಸು ಬರಲಿಲ್ಲ. ನಾಳೆ ಇಂಟರ್ನಲ್ಸ್ ಇರುತ್ತೆ, ಆಸ್ಪತ್ರೆಗೆ ಹೋದರೆ ಅರ್ಧ ದಿನ ಹೋಯ್ತು. ಮೆಡಿಕಲ್ ಶಾಪಲ್ಲಿ 2 ನಿಮಿಷದ ಕೆಲಸ.

ಆದರೂ ಕೂರಿಸಿಕೊಂಡು ಹೇಳಿದೆ. ಜ್ವರಕ್ಕೆ ಒಂದು, ನೆಗಡಿಗೆ ಇನ್ನೊಂದು, ಮೈಕೈ ನೋವಿಗೆ ಮತ್ತೊಂದು ನುಂಗ್ತೀರಿ. ಹಿಂದೆ ತಿರುಗಿಸಿ ಓದು, ಎಷ್ಟೋ ಸಲ ಮೂರರಲ್ಲೂ ಪ್ಯಾರಾಸಿಟಮಾಲ್ ಇರುತ್ತೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು. ಪೆಟ್ಟು ಬೀಳೋದು ಲಿವರ್‌ಗೆ, ಅದು ಮೊದಲ ದಿನ ಗೊತ್ತೇ ಆಗದೆ ಇರಬಹುದು. ಮಳೆಗಾಲದ ಜ್ವರಕ್ಕಂತೂ ಐಬುಪ್ರೊಫೆನ್ ಮುಟ್ಟಬೇಡ. ಅದು ಡೆಂಗಿ ಆಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತೆ.

ಡಬ್ಬಿಯ ತಳದಲ್ಲಿ ಅಜಿತ್ರೋಮೈಸಿನ್ ಸ್ಟ್ರಿಪ್. 3ರಲ್ಲಿ 1 ಖಾಲಿ. ಅಂಚಲ್ಲಿ ಉದ್ದಕ್ಕೆ ಕೆಂಪು ಗೆರೆ. ಡಾಕ್ಟರ ಚೀಟಿ ಇಲ್ಲದೆ ತಗೋಬಾರದು ಅಂತ ಹೇಳೋಕೇ ಆ ಗೆರೆ ಇರೋದು. "ಗಂಟಲು ನೋವಿತ್ತು, ಒಂದಕ್ಕೇ ಕಮ್ಮಿ ಆಯ್ತು." ಕಮ್ಮಿ ಆಗಿದ್ದು ಮಾತ್ರೆಯಿಂದ ಅಲ್ಲದೇ ಇರಬಹುದು ಕಣೇ. ಗಂಟಲು ನೋವು ಬಹುಪಾಲು ವೈರಸ್‌ನಿಂದ ಬರುತ್ತೆ, ವೈರಸ್‌ಗೆ ಈ ಔಷಧ ತಾಗೋದೇ ಇಲ್ಲ.

ಇಬ್ಬರೂ ಕೂತು ಡಬ್ಬಿ ಖಾಲಿ ಮಾಡಿದ್ವಿ. ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ, ಒಂದು ಪೂರ್ತಿ ಸ್ಟ್ರಿಪ್ ಪ್ಯಾರಾಸಿಟಮಾಲ್ ಮಾತ್ರ ಅದರಲ್ಲಿಟ್ಟೆವು. ಮುಚ್ಚಳದ ಮೇಲೆ ಅವಳೇ ಸ್ಕೆಚ್ ಪೆನ್ನಲ್ಲಿ ಹತ್ತಿರದ ಡಾಕ್ಟರ ನಂಬರ್ ಬರೆದಳು.